ವಿರ್ಬೆಲ್‌ವಿಂಡ್ ತಗೊಂಡು ಒಂದು ಪ್ಲೇನೂ ಬೀಳಿಸೋಕಾಗ್ತಿಲ್ಲ, ಗುಂಡು ಹಾರಿಸಿದ ತಕ್ಷಣ ಟ್ಯಾಂಕ್ ಬಂದು ಮುಗಿಸುತ್ತೆ – ಗೊತ್ತಿರೋರು ಹೇಳ್ರಪ್ಪಾ

ರಾಗಿಮುದ್ದೆ_ರೈಡರ್

ಎಲ್ರಿಗೂ ನಮಸ್ಕಾರ. ವಾರ್ ಥಂಡರ್ (ಟ್ಯಾಂಕು, ಪ್ಲೇನು ಯುದ್ಧದ ಆನ್‌ಲೈನ್ ಗೇಮು) ಆಡೋರು ಇಲ್ಲಿ ಒಂದಷ್ಟು ಜನ ಇದೀರ ಅಂತ ಹಳೇ ಪೋಸ್ಟ್‌ಗಳಲ್ಲಿ ನೋಡಿದೆ, ಅದಕ್ಕೇ ಕೇಳ್ತಿದೀನಿ. ನಾನು ಜರ್ಮನ್ ಟ್ರೀ (ಜರ್ಮನ್ ಗಾಡಿಗಳ ಸಾಲು) ಆಡ್ತಿರೋದು, ಗ್ರೌಂಡ್ ರಿಯಲಿಸ್ಟಿಕ್ ಮೋಡು. ಪ್ಯಾಂಜರ್ 4 ಕೈಗೆ ಕೂತಿದೆ, ಅದರಲ್ಲಿ ನಂದೇನೂ ತಕರಾರಿಲ್ಲ. ತಕರಾರಿರೋದು ಮೇಲಿಂದ ಬರೋರ ಹತ್ರ. ಒಂದು ಒಳ್ಳೇ ಜಾಗ ಹಿಡ್ಕೊಂಡು ಎರಡು ಶೆರ್ಮನ್ ಹೊಡೆದಿರ್ತೀನಿ, ಅಷ್ಟರಲ್ಲಿ ಹೊಡೆಸ್ಕೊಂಡೋನೇ ಪಿ-47 ಪ್ಲೇನ್ ತಗೊಂಡು ಬಂದು ನೇರ ನನ್ನ ತಲೆ ಮೇಲೇ ಬಾಂಬ್ ಹಾಕಿ ಹೋಗ್ತಾನೆ. ನಮ್ಮ ಟೀಮಲ್ಲಿ ಒಬ್ಬನೂ ಎಎ (ಪ್ಲೇನ್ ಹೊಡೆಯೋ ಗಾಡಿ) ತಗೊಳಲ್ಲ, ಚಾಟಲ್ಲಿ ಮಾತ್ರ ಎಲ್ರೂ ಎಎ ಎಎ ಅಂತ ಬಡ್ಕೊಳ್ತಾರೆ.

ಸರಿ ನಾನೇ ತಗೊಳ್ಳೋಣ ಅಂತ ವಿರ್ಬೆಲ್‌ವಿಂಡ್ ರಿಸರ್ಚ್ ಮಾಡಿ ಕೊಂಡ್ಕೊಂಡೆ. ನಾಲ್ಕು 20 ಎಂಎಂ ಬಂದೂಕು ಅಂದ್ರೆ ಆಕಾಶಾನೇ ಕ್ಲೀನ್ ಮಾಡ್ಬೋದು ಅಂತ ಅಂದ್ಕೊಂಡಿದ್ದೆ. ಆಗ್ತಿರೋದೇ ಬೇರೆ. ಟ್ರೇಸರ್ (ಹೊಳೀತಾ ಹೋಗೋ ಗುಂಡು) ನೋಡಿದ್ರೆ ಪ್ಲೇನ್ ಮೈಮೇಲೇ ಹೋದಂಗೆ ಕಾಣುತ್ತೆ ಆದ್ರೆ ಹಿಟ್ ಅಂತ ಬರೋದೇ ಇಲ್ಲ. ಬಂದ್ರೂ ಐಎಲ್-2 ಥರದ ರಷ್ಯನ್ ಪ್ಲೇನಿಗೆ ಹಿಟ್ ಹಿಟ್ ಹಿಟ್ ಅಂತ ಬರ್ತಾನೇ ಇರುತ್ತೆ ಅದು ಆರಾಮಾಗಿ ತಿರುಗ್ಕೊಂಡು ಬಂದು ನನ್ನೇ ಹೊಡೆಯುತ್ತೆ. ಇನ್ನೊಂದು ಕಡೆ ನಾನು ಟ್ರಿಗರ್ ಒತ್ತಿದ ಮೇಲೆ ಅರ್ಧ ನಿಮಿಷದೊಳಗೆ ಎಲ್ಲಿಂದಾದ್ರೂ ಒಂದು ಟ್ಯಾಂಕು ಹಾಜರ್, ಮೆಷಿನ್‌ಗನ್ನಲ್ಲೇ ನನ್ನ ಕ್ರೂ ಪೂರ್ತಿ ಕ್ಲೋಸ್.

ಇದು ನನ್ನ ಎಯ್ಮ್ ಪ್ರಾಬ್ಲಮ್ಮಾ, ಪಿಂಗ್ (ನೆಟ್ ತಡ) ಪ್ರಾಬ್ಲಮ್ಮಾ, ಇಲ್ಲಾ ಗಾಡೀನೇ ವೇಸ್ಟಾ? 37 ಎಂಎಂ ಇರೋ ಓಸ್ಟ್‌ವಿಂಡ್‌ಗೆ ಹೋದ್ರೆ ಒಂದೇ ಏಟಿಗೆ ಬೀಳುತ್ತೆ ಅಂತಾರೆ, ಹೋಗ್ಲಾ? ಅನುಭವ ಇರೋರು ದಯವಿಟ್ಟು ಹೇಳಿ, ಯೂಟ್ಯೂಬ್ ಲಿಂಕ್ ಕೊಡ್ಬೇಡಿ, ಅವರು ಚೆನ್ನಾಗಿ ಆಡಿದ್ದು ಮಾತ್ರ ಕಟ್ ಮಾಡಿ ಹಾಕಿರ್ತಾರೆ.

ಘಟಪ್ರಭಾ_ಗನ್ನರ್

ನಮಸ್ಕಾರ್ರೀ. ಗಾಡಿ ವೇಸ್ಟ್ ಅಲ್ಲ, ಆ ಲೆವೆಲ್ಲಿನಾಗ ಅದಕ್ಕಿಂತ ಛಲೋ ಎಎ ಹುಡುಕೂದು ಕಷ್ಟ ಐತಿ. ಮೊದಲ ಲೀಡ್ (ಪ್ಲೇನಿನ ಮುಂದ ಎಷ್ಟು ದೂರ ಗುರಿ ಇಡೂದು) ವಿಷಯ ಮುಗಸೂಣು, ಯಾಕಂದ್ರ ನಿಮ್ಮ ಮುಕ್ಕಾಲು ತ್ರಾಸ ಅಲ್ಲೇ ಐತಿ.

ಈ 20 ಎಂಎಂ ಗುಂಡು ನಳಗಿ ಬಿಟ್ಟು ಹೊಂಡೂವಾಗ ಸೆಕೆಂಡಿಗೆ ಸುಮಾರು 900 ಮೀಟರ್ ಓಡ್ತೈತಿ. ಸಣ್ಣ ಗುಂಡು, ಗಾಳಿ ಲಗೂನ ತಡದ್ ಬಿಡ್ತೈತಿ, ಹಂಗಾಗಿ ಒಂದ್ ಕಿಲೋಮೀಟರ್ ಮುಟ್ಟಾಕ ಒಂದೂವರಿ ಸೆಕೆಂಡ್ ಅಂತ ಹಿಡೀರಿ. ಈಗ ಪ್ಲೇನ್ ತಾಸಿಗೆ 500 ಕಿಲೋಮೀಟರ್ ಓಡಾಕತ್ತೈತಿ ಅಂದ್ರ ಸೆಕೆಂಡಿಗೆ 139 ಮೀಟರ್ ಆತು. ಒಂದೂವರಿ ಸೆಕೆಂಡಿನ್ಯಾಗ 200 ಮೀಟರ್ ಮ್ಯಾಲೇ ಹೋಗಿರ್ತೈತಿ. ಪಿ-47 ಉದ್ದ 11 ಮೀಟರ್. ಅಂದ್ರ ನಿಮ್ಮ ಎದುರು ಅಡ್ಡ ಹಾರೂ ಪ್ಲೇನಿನ ಮೂತಿ ಮುಂದ ಹದಿನೆಂಟು ಹತ್ತೊಂಬತ್ತು ಪ್ಲೇನ್ ಸಾಲಾಗಿ ನಿಲ್ಲಿಸಿದಷ್ಟು ದೂರ ಗುರಿ ಇಡಬೇಕು! ಹೊಸಬರು ಎಷ್ಟು ಬಿಡ್ತಾರ? ಎರಡು, ಭಾಳ ಅಂದ್ರ ಮೂರು. ನಿಮ್ಮ ಟ್ರೇಸರ್ ಮೈಮ್ಯಾಲೆ ಹೋದಂಗ ಕಾಣ್ತೈತಲ್ಲ, ಅದು ಕಣ್ಣಿನ ಮೋಸ, ಖರೇ ಹೇಳ್ಬೇಕಂದ್ರ ಅದು ಪ್ಲೇನಿನ ಹಿಂದ ಹೋಗಾಕತ್ತಿರ್ತೈತಿ. ಓಡೂ ಬಸ್ ಹತ್ತಾಂವ ಬಸ್ಸಿನ ಬಾಗಲಾ ಈಗ ಎಲ್ಲೈತಿ ಅಲ್ಲಿಗೆ ಓಡಂಗಿಲ್ಲ, ಬಾಗಲಾ ಎಲ್ಲಿಗೆ ಬರ್ತೈತಿ ಅಲ್ಲಿಗೆ ಓಡ್ತಾನ, ಹಂಗ.

500 ಮೀಟರಿನ್ಯಾಗ ಅದೇ ಪ್ಲೇನಿಗೆ ಎಂಟು ಪ್ಲೇನಿನಷ್ಟು ಲೀಡ್ ಸಾಕು. ಅದಕ್ಕ ಹೇಳೂದು, ಒಂದ್ ಕಿಲೋಮೀಟರ್ ಆಚೆ ಅಡ್ಡ ಹೋಗೂದಕ್ಕ ಹೊಡೀಲೇಬ್ಯಾಡ್ರಿ, ಬರೇ ನಿಮ್ಮ ಜಾಗ ತೋರಿಸಿದಂಗಾಗ್ತೈತಿ. ಸನೇಕ ಬರಾಕ ಬಿಡ್ರಿ. ನಿಮ್ಮ ಕಡೆ ಮೂತಿ ಮಾಡಿ ಇಳಿಯೂದಕ್ಕ ಲೀಡ್ ಬೇಕಾಗೂದೇ ಕಮ್ಮಿ, ಚೂರು ಮ್ಯಾಲೆ ಹಿಡದ್ರ ಆತು. ಓರೆಯಾಗಿ 30 ಡಿಗ್ರಿನ್ಯಾಗ ಬರಾಕತ್ತಿದ್ರ ಅಡ್ಡ ಹೋಗೂದರ ಅರ್ಧ ಲೀಡ್.

ಇನ್ನೊಂದು ಭಾಳ ಮಂದಿಗೆ ತಿಳಿಯಂಗಿಲ್ಲ. ಪ್ಲೇನಿನ ಮುಂದ ಒಂದ್ ಕಡೆ ಗುಂಡಿನ ಗೋಡಿ ಕಟ್ಟಿ ಕುಂತ್ರ ಅದು ತಾನ ಬಂದು ಬಡಕೊಳ್ತೈತಿ ಅಂತ ತಿಳ್ಕೊಂಡಿರ್ತಾರ. ಲೆಕ್ಕ ಹಾಕ್ರಿ. ನಾಲ್ಕು ಫ್ಲಾಕ್ 38 (ಇದರ 20 ಎಂಎಂ ಬಂದೂಕು) ಸೇರಿ ಒಂದು ನಿಮಿಷಕ್ಕ ಹೆಚ್ಚಂದ್ರ 1800 ಗುಂಡು, ಸೆಕೆಂಡಿಗೆ 30. 11 ಮೀಟರಿನ ಪ್ಲೇನ್ ಒಂದು ಜಾಗ ದಾಟಾಕ 0.08 ಸೆಕೆಂಡ್ ಸಾಕು. ಅಷ್ಟರಾಗ ಆ ಜಾಗದಾಗ ಹಾದು ಹೋಗೂದು ಎರಡೋ ಮೂರೋ ಗುಂಡು, ಅದೂ ನಿಮ್ಮ ಗುರಿ ಪಕ್ಕಾ ಇದ್ರ. ಹಂಗಾಗಿ ಗನ್ ನಿಲ್ಲಿಸಬ್ಯಾಡ್ರಿ, ಪ್ಲೇನಿನ ಜೊತಿನ ತಿರುಗಿಸ್ಕೋತ ಅದ ಲೀಡ್ ಹಿಡ್ಕೊಂಡು ಹೊಡೀರಿ. ಓಸ್ಟ್‌ವಿಂಡ್ ಕೇಳಿದ್ರಲ್ಲ, ಅದರ 37 ಎಂಎಂ ನಿಮಿಷಕ್ಕ 250, ಸೆಕೆಂಡಿಗೆ ನಾಲ್ಕು. ಒಂದು ಬಿತ್ತಂದ್ರ ಪ್ಲೇನ್ ಹೋತು ಖರೇ, ಆದ್ರ ಬೀಳಸೂದೇ ಕೆಲಸ. ಲೀಡ್ ಕೈಗೆ ಬಂದ ಮ್ಯಾಲೆ ಹೋಗ್ರಿ, ಅಲ್ಲೀತನಕ ಇದ್ರಾಗ ಇರ್ರಿ.

ರಿಯಲಿಸ್ಟಿಕ್ಕಿನ್ಯಾಗ ಲೀಡ್ ಮಾರ್ಕರ್ (ಎಲ್ಲಿ ಗುರಿ ಇಡಬೇಕಂತ ತೋರಿಸೂ ಗುರುತು) ಇರಂಗಿಲ್ಲ, ಆರ್ಕೇಡ್ ಮೋಡಿನ್ಯಾಗ ಇರ್ತೈತಿ. ಒಂದೆರಡು ಸಂಜಿ ಆರ್ಕೇಡ್ ಆಡಿ ಆ ಮಾರ್ಕರ್ ಪ್ಲೇನಿನಿಂದ ಎಷ್ಟು ದೂರ ಕುಂತಿರ್ತೈತಿ ಅಂತ ಕಣ್ಣಿಗೆ ರೂಢಿ ಮಾಡ್ಕೋರಿ. ಆಮ್ಯಾಲೆ ಮ್ಯಾಚಿನ ರಿಪ್ಲೇ ಹಾಕಿ ಪ್ಲೇನಿನ ಕಡೆಯಿಂದ ನೋಡ್ರಿ, ನಿಮ್ಮ ಗುಂಡು ಎಲ್ಲಿ ಹೋಗಾಕತ್ತಿದ್ವು ಅಂತ ಅಲ್ಲಿ ಸುಳ್ಳಿಲ್ಲದಂಗ ಕಾಣ್ತೈತಿ.

ಕುಡ್ಲ_ಕಮಾಂಡರ್

ಎಂತ ಮಾರಾಯ್ರೆ, ನೀವು ಇಷ್ಟು ಲೆಕ್ಕ ಹಾಕುವಷ್ಟರಲ್ಲಿ ಅವ ಬಾಂಬ್ ಹಾಕಿ ಮನೆಗೆ ಹೋಗಿ ಮೀನುಸಾರು ಊಟ ಮಾಡಿ ಮಲಗಿರ್ತಾನೆ 😄

ನಾನು ಬೇರೆ ಹೇಳ್ತೇನೆ. ವಿರ್ಬೆಲ್‌ವಿಂಡ್ ತಗೊಂಡು ಆಕಾಶ ನೋಡ್ತಾ ಕೂತ್ರೆ ಅರ್ಧ ಮ್ಯಾಚಿನಲ್ಲಿ ಪ್ಲೇನೇ ಬರುದಿಲ್ಲ, ಬೋರ್ ಹೊಡೆದು ಸಾಯ್ಬೇಕು. ನಾನು ಅದನ್ನು ತಗೊಂಡು ಸೈಡಿನಿಂದ ಹೋಗ್ತೇನೆ. ಎಪಿ ಬೆಲ್ಟ್ (ಉಕ್ಕು ತೂರುವ ಗುಂಡಿನ ಸರ) ಹಾಕಿ ಹತ್ತಿರದಿಂದ ಅಮೆರಿಕದ ಎಂ10 ಗಾಡಿಯ ಸೈಡಿಗೆ ಬಿಟ್ಟು ನೋಡಿ, ಅದರ ಸೈಡ್ ಬರೀ 19 ಎಂಎಂ, ಒಳಗೆ ಒಬ್ಬರೂ ಉಳಿಯುದಿಲ್ಲ. ಎಂ18 ಇನ್ನೂ ತೆಳು, 13 ಎಂಎಂ. ಟಿ-34 ಬಂದ್ರೆ ಮಾತ್ರ ಆಟ ಬೇಡ, ಅದರ ಸೈಡ್ 45 ಎಂಎಂ ಮತ್ತು ಓರೆ ಬೇರೆ, ಅದಕ್ಕೆ ಟ್ರ್ಯಾಕ್‌ಗೆ ಹೊಡೆದು ನಿಲ್ಲಿಸಿ, ಬ್ಯಾರಲ್‌ಗೆ ಹೊಡೆದು ಕೆಂಪು ಮಾಡಿ, ಮತ್ತೆ ನಮ್ಮವರು ಯಾರಾದ್ರೂ ಬಂದು ಮುಗಿಸ್ತಾರೆ, ನಮಗೆ ಅಸಿಸ್ಟ್ ಉಂಟು. ಎದುರಿನವನಿಗೆ ತಲೆಬಿಸಿ ಆಗ್ತದಲ್ಲ ಅದೇ ಮಜಾ. ಎಎ ಗಾಡಿ ತನ್ನ ಮೇಲೆ ನುಗ್ಗಿ ಬರ್ತದೆ ಅಂತ ಯಾರೂ ಅಂದ್ಕೊಂಡಿರುದಿಲ್ಲ.

ಪಿಂಗ್ ವಿಷಯ ಕೇಳಿದಿರಲ್ಲ. ನಾನು ಇರುದು ಮಸ್ಕತ್‌ನಲ್ಲಿ, ಇಲ್ಲಿಂದ ಯೂರೋಪ್ ಸರ್ವರ್‌ಗೆ ಆಡುದು. ಪಿಂಗ್ ಸ್ವಲ್ಪ ಜಾಸ್ತಿ ಇದ್ರೂ ಒಂದೇ ಸಮ ಇದ್ರೆ ಕೈಗೆ ಅಭ್ಯಾಸ ಆಗ್ತದೆ, ಆದ್ರೆ ಪ್ಯಾಕೆಟ್ ಲಾಸ್ ಬಂದ್ರೆ ದೇವರೇ ಗತಿ, ಪ್ಲೇನ್ ಹಾರಿ ಹಾರಿ ಕಾಣ್ತದೆ, ಆಗ ಎಎ ಆಡುದು ಬಿಟ್ಟು ಬೇರೆ ಎಂತಾದ್ರೂ ಮಾಡಿ. ಸರ್ವರ್ ಆಯ್ಕೆ ಆಟೋದಲ್ಲಿ ಬಿಡ್ಬೇಡಿ, ನಿಮಗೆ ಯಾವುದು ಹತ್ತಿರ ಅಂತ ನೋಡಿ ಅದೊಂದನ್ನೇ ಟಿಕ್ ಮಾಡಿ.

ಮೂರ್ನೇ_ಗೇರ್

ಕುಡ್ಲ ಅಣ್ಣಾ, ನಿಮ್ಮಂಥೋರಿಂದಲೇ ಸ್ವಾಮಿ ನಮ್ಮ ಟೀಮಲ್ಲಿ ಎಎ ಇದ್ದೂ ಇಲ್ದಂಗೆ ಆಗಿರೋದು. ಸ್ಕೋರ್‌ಬೋರ್ಡ್ ನೋಡಿದ್ರೆ ಎರಡು ಎಎ ಇರುತ್ತೆ, ಮ್ಯಾಪ್ ನೋಡಿದ್ರೆ ಎರಡೂ ಎದುರಾಳಿ ಸ್ಪಾನ್ (ಗಾಡಿಗಳು ಆಟಕ್ಕೆ ಇಳಿಯೋ ಜಾಗ) ಹತ್ರ ಯಾವುದೋ ಪೊದೆಯಲ್ಲಿ ಕೂತಿರುತ್ತೆ, ಇಲ್ಲಿ ಮೇಲಿಂದ ಒಬ್ಬ ಟೈಫೂನ್ ಪ್ಲೇನ್‌ನಲ್ಲಿ ಬಂದು ಸಾಲಾಗಿ ರಾಕೆಟ್ ಬಿಡ್ತಿರ್ತಾನೆ. ಎಂ10 ಹೊಡೆಯೋಕೆ ನಮ್ಮ ಹತ್ರ ಪ್ಯಾಂಜರ್ ಇದೆ, ಸ್ಟುಗ್ ಇದೆ. ಟೈಫೂನ್ ಹೊಡೆಯೋಕೆ ವಿರ್ಬೆಲ್‌ವಿಂಡ್ ಬಿಟ್ರೆ ಏನಿದೆ?

ರೈಡರ್ ಬ್ರೋ, ಲೀಡ್ ಬಗ್ಗೆ ಗನ್ನರ್ ಸಾಹೇಬ್ರು ಹೇಳಿದ್ದು ಪಕ್ಕಾ, ಅದರ ಮೇಲೆ ನಾನೇನೂ ಸೇರಿಸಲ್ಲ. ನೀನು ಸಾಯ್ತಿರೋದು ಮಾತ್ರ ಲೀಡ್‌ನಿಂದ ಅಲ್ಲ, ನಿಂತಿರೋ ಜಾಗದಿಂದ. ಆ ಗಾಡಿ ಹೆಂಗೆ ಮಾಡಿದಾರೆ ಅಂತ ಒಂದ್ಸಲ ಯೋಚ್ನೆ ಮಾಡು. ಕೆಳಗೆ ಪ್ಯಾಂಜರ್ 4ರ ಬಾಡಿ. 1944ರಲ್ಲಿ ನಾರ್ಮಂಡಿ ಟೈಮಲ್ಲಿ ಮಿತ್ರರಾಷ್ಟ್ರಗಳ ಪ್ಲೇನ್ ಹಾವಳಿಗೆ ಜರ್ಮನ್ನರು ಹಗಲಲ್ಲಿ ಟ್ಯಾಂಕ್ ಓಡಿಸೋದೇ ಕಷ್ಟ ಆಗಿತ್ತು, ಆಗ ರಿಪೇರಿಗೆ ಬಂದಿದ್ದ ಪ್ಯಾಂಜರ್ 4ಗಳ ಮೇಲಿನ ಟರೆಟ್ ತೆಗೆದು ನಾಲ್ಕು 20 ಎಂಎಂ ಬಂದೂಕಿರೋ ಒಂದು ಒಂಬತ್ತು ಮೂಲೆಯ ಡಬ್ಬಿ ಕೂರಿಸಿದ್ರು. ಮಾಡಿದ್ದೇ ನೂರರ ಆಸುಪಾಸು. ಆ ಡಬ್ಬಿಯ ತಗಡು 16 ಎಂಎಂ, ಮೇಲೆ ಮುಚ್ಚಳನೇ ಇಲ್ಲ, ಪೂರ್ತಿ ಓಪನ್. ಅವರ ಸೈನಿಕರೇ ಅದನ್ನ ಬಿಸ್ಕತ್ ಡಬ್ಬಿ ಅಂತ ಕರೀತಿದ್ರಂತೆ. ಒಳಗೆ ಆ ಕಾಲದಲ್ಲಿ ಒಂದೊಂದು ಬಂದೂಕಿಗೆ 20 ಗುಂಡಿನ ಮ್ಯಾಗಝೀನು, ಮೂರು ಸೆಕೆಂಡ್‌ನೊಳಗೆ ಖಾಲಿ, ಇಬ್ರು ಲೋಡರ್‌ಗಳು ಕೂತ್ಕೊಂಡು ಬದಲಾಯಿಸ್ತಾನೇ ಇರ್ಬೇಕಿತ್ತು, ಎರಡು ಪೆಡಲ್ ಇತ್ತು, ಒಂದೊಂದು ಪೆಡಲ್ ಒತ್ತಿದ್ರೆ ಎದುರುಬದರು ಮೂಲೆಯ ಎರಡು ಬಂದೂಕು ಹಾರ್ತಿತ್ತು, ಎರಡು ಹಾರ್ತಿರುವಾಗ ಇನ್ನೆರಡು ತುಂಬ್ಕೊಳ್ಳಲಿ ಅಂತ. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ಕೆಳಗಿನ ಬಾಡಿಗೆ ಟ್ಯಾಂಕಿನ ತಾಕತ್ತಿದೆ, ಮೇಲಿನ ಡಬ್ಬಿಗೆ ಇಲ್ಲ. ಪಾಯಿಂಟ್ ಫೈವ್ ಝೀರೋ ಮೆಷಿನ್‌ಗನ್ ಹತ್ತಿರದಿಂದ ಆ 16 ಎಂಎಂನ ತೂತು ಮಾಡುತ್ತೆ, ಮೇಲಿಂದ ಬಂದ್ರಂತೂ ತಗಡೇ ಅಡ್ಡ ಇಲ್ಲ. ಓಪನ್ ಟಾಪ್ ಆದ್ದರಿಂದ ಪಕ್ಕದಲ್ಲಿ ದೊಡ್ಡ ಎಚ್‌ಇ (ಸಿಡಿಯೋ) ಶೆಲ್ಲೋ ಬಾಂಬೋ ಬಿದ್ರೂ ಓವರ್‌ಪ್ರೆಶರ್‌ನಲ್ಲೇ (ಸ್ಫೋಟದ ಒತ್ತಡಕ್ಕೇ) ಎಲ್ರೂ ಔಟ್, ನೇರ ಬೀಳ್ಬೇಕು ಅಂತೇನಿಲ್ಲ.

ಈಗ ಎಲ್ಲಿ ನಿಲ್ಬೇಕು. ಸ್ಪಾನ್ ಒಳಗೇ ನಿಲ್ಬೇಡ, ಆಟ ಗೊತ್ತಿರೋ ಪೈಲಟ್ ಮೊದಲು ನೋಡೋದೇ ಅಲ್ಲಿ. ಕ್ಯಾಪ್ ಪಾಯಿಂಟ್ (ಟೀಮ್ ಹಿಡೀಬೇಕಾದ ಜಾಗ) ಕಡೆ ಹೋಗ್ಲೇಬೇಡ. ಸ್ಪಾನ್‌ನಿಂದ ಸ್ವಲ್ಪ ಪಕ್ಕಕ್ಕೆ, ಎದುರಾಳಿ ಟ್ಯಾಂಕಿಗೂ ನಿನಗೂ ಮಧ್ಯೆ ಒಂದು ದಿಬ್ಬನೋ ಕಟ್ಟಡನೋ ಇರಬೇಕು, ಆದ್ರೆ ತಲೆ ಮೇಲೆ ಮರ ಇರಬಾರದು. ಕಾಡಲ್ಲಿ ಬಚ್ಚಿಟ್ಕೊಂಡ್ರೆ ಸೇಫ್ ಅನ್ಸುತ್ತೆ, ಆದ್ರೆ ಪ್ಲೇನ್ ಕಾಣೋದು ಅದು ನಿನ್ನ ತಲೆ ಮೇಲೆ ಬಂದಾಗಲೇ, ಆಗ ನಿನಗೆ ಟರೆಟ್ ತಿರುಗಿಸೋಕೂ ಟೈಮ್ ಇಲ್ಲ. ಊರೊಳಗಿನ ಮ್ಯಾಪ್ ಆದ್ರೆ ಕಿರಿದಾದ ಗಲ್ಲಿಗಿಂತ ಚೌಕ ಇರೋ ಕಡೆ ಗೋಡೆಗೆ ಒತ್ಕೊಂಡು ನಿಲ್ಲು. ಬಾಡಿ ಮೂತಿ ಟ್ಯಾಂಕ್ ಬರೋ ದಿಕ್ಕಿಗೆ ಇರಲಿ, ಟರೆಟ್ ಎಲ್ಲಾದ್ರೂ ತಿರುಗ್ಲಿ.

ಟೈಮಿಂಗು. ಮೊದಲ ಸ್ಪಾನ್‌ನಲ್ಲೇ ಎಎ ತಗೊಳ್ಳೋದು ದಂಡ. ಪ್ಲೇನ್‌ಗೆ ಸ್ಪಾನ್ ಪಾಯಿಂಟ್ ಬೇಕು, ಅದು ಕಿಲ್‌ನಿಂದ ಕ್ಯಾಪ್‌ನಿಂದ ಬರ್ಬೇಕು, ಹಂಗಾಗಿ ಶುರುವಿನಲ್ಲಿ ಆಕಾಶ ಖಾಲಿ. ನೀನು ಪ್ಯಾಂಜರ್‌ನಲ್ಲಿ ಹೋಗು, ಎರಡು ಮೂರು ಕಿಲ್ ಮಾಡು, ಅಷ್ಟರಲ್ಲಿ ಕಿಲ್ ಫೀಡ್‌ನಲ್ಲಿ (ಯಾರು ಯಾರನ್ನ ಹೊಡೆದ್ರು ಅನ್ನೋ ಪಟ್ಟಿ) ಯಾವ ಪ್ಲೇನ್ ಬಂತು ಅಂತ ಕಾಣುತ್ತೆ, ಸತ್ತ ಮೇಲೆ ಎಎ ತಗೋ. ನೀನು ಹೇಳಿದ್ದು ಸರಿ, ಹೊಡೆಸ್ಕೊಂಡೋನು ಪ್ಲೇನ್ ತಗೊಂಡು ಅದೇ ಜಾಗಕ್ಕೆ ವಾಪಸ್ ಬರ್ತಾನೆ. ಅಂದ್ರೆ ಅವನು ಎಲ್ಲಿಗೆ ಬರ್ತಾನೆ ಅಂತ ನಿನಗೆ ಮೊದಲೇ ಗೊತ್ತು! ನಿನ್ನ ಟೀಮಲ್ಲಿ ಚೆನ್ನಾಗಿ ಆಡ್ತಿರೋ ಒಂದು ಟೈಗರ್ ಟ್ಯಾಂಕ್ ನೋಡ್ಕೊಂಡು ಅದರ ಹಿಂದೆ ಒಂದು 300 ಮೀಟರ್ ದೂರ ನಿಲ್ಲು, ಪ್ಲೇನ್‌ಗಳು ಹುಡುಕ್ಕೊಂಡು ಬರೋದು ಅದನ್ನೇ.

ನಿಂತ ಮೇಲೆ ಇಂಜಿನ್ ಆಫ್ ಮಾಡು. ಇದೊಂದು ಮಾತು ಕೇಳಿದ್ರೆ ಸಾಕು. ಹೆಡ್‌ಫೋನ್ ಹಾಕ್ಕೊಂಡಿದ್ರೆ ಪ್ಲೇನ್ ಯಾವ ಕಡೆಯಿಂದ ಬರ್ತಿದೆ ಅಂತ ಕಾಣೋಕೆ ಮುಂಚೆ ಕೇಳುತ್ತೆ, ಪಕ್ಕದಿಂದ ಟ್ಯಾಂಕ್ ಬರೋ ಸದ್ದೂ ಕೇಳುತ್ತೆ. ಒಂದು ಪ್ಲೇನಿಗೆ ಹೊಡೆದಾದ ಮೇಲೆ, ಬೀಳಲಿ ಬಿಡಲಿ, ಜಾಗ ಬಿಡು. ನಿನ್ನ ಟ್ರೇಸರ್ ನಾಲ್ಕು ಸಾಲಾಗಿ ಆಕಾಶಕ್ಕೆ ಹೋಗಿದ್ದನ್ನ ಇಡೀ ಮ್ಯಾಪು ನೋಡಿದೆ.

ರಾಗಿಮುದ್ದೆ_ರೈಡರ್

ಗುರುಗಳೇ ಎಲ್ರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ರಾತ್ರಿ ಗನ್ನರ್ ಅವ್ರು ಹೇಳ್ದಂಗೆ ಆರ್ಕೇಡ್ ಆಡಿದೆ. ಆ ಮಾರ್ಕರ್ ಅಷ್ಟು ದೂರ ಇರುತ್ತೆ ಅಂತ ಗೊತ್ತೇ ಇರ್ಲಿಲ್ಲ, ಸ್ಕ್ರೀನ್‌ನಲ್ಲಿ ಪ್ಲೇನ್ ಒಂದು ಕಡೆ ಮಾರ್ಕರ್ ಇನ್ನೊಂದು ಕಡೆ. ಆಮೇಲೆ ರಿಯಲಿಸ್ಟಿಕ್‌ಗೆ ಬಂದು ಇಂಜಿನ್ ಆಫ್ ಮಾಡ್ಕೊಂಡು ಒಂದು ಚರ್ಚ್ ಗೋಡೆ ಪಕ್ಕ ಕೂತಿದ್ದೆ, ಒಬ್ಬ ಪಿ-47 ನಮ್ಮ ಟೈಗರ್ ಮೇಲೆ ಬಾಂಬ್ ಬಿಟ್ಟು ಮೇಲಕ್ಕೆ ಎಳೀತಿದ್ದ, ಆ ಟೈಮಲ್ಲಿ ಹೊಟ್ಟೆ ಪೂರ್ತಿ ನನ್ನ ಕಡೆ ಇತ್ತು, ಜೊತೆಗೇ ತಿರುಗಿಸಿ ಒತ್ತಿದೆ, ಒಂದು ರೆಕ್ಕೆ ಕಿತ್ಕೊಂಡು ಹೋಯ್ತು ನೋಡಿ. ಟೈಗರ್‌ನೋನು ಆಗಲೇ ಸತ್ತಿದ್ದ ಅನ್ನೋದು ಬೇರೆ ವಿಷ್ಯ, ಪಾಪ.

ಆದ್ರೆ ಐಎಲ್-2 ಇನ್ನೂ ಬೀಳ್ತಿಲ್ಲ. ಅದಕ್ಕೇನ್ ಮಾಡ್ಬೇಕು? ಮತ್ತೆ ಬೆಲ್ಟು ಯಾವುದು ಹಾಕೋದು, ಕುಡ್ಲ ಅಣ್ಣ ಎಪಿ ಅಂತಾರೆ, ಡೀಫಾಲ್ಟ್ ಬಿಡೋದಾ?

ಘಟಪ್ರಭಾ_ಗನ್ನರ್

ಭೇಷ್! ಮ್ಯಾಲೆ ಎಳಿಯೂ ಟೈಮಿಗೆ ಹೊಡದ್ರಿ ನೋಡ್ರಿ, ಅದ ಖರೇ ಟೈಮು. ಬಾಂಬ್ ಬಿಟ್ಟು ಮ್ಯಾಲೆ ಎಳೀಬೇಕಾದ್ರ ವೇಗ ಕಳಕೊಳ್ತೈತಿ, ಹೊಟ್ಟಿ ತೋರಿಸ್ತೈತಿ, ಪೈಲಟ್ ಹಿಂದ ತಿರುಗಿ ಬಾಂಬ್ ಬಿತ್ತೋ ಇಲ್ಲೋ ನೋಡಾಕತ್ತಿರ್ತಾನ. ಇಳಿಯೂವಾಗ ಹೊಡದು ಹೆದರಿಸೂದು ಬ್ಯಾರೆ ಲಾಭ, ಹೆದರಿ ಬಾಂಬ್ ಎಲ್ಲೋ ಬಿಟ್ಟು ಓಡ್ತಾನ, ಆದ್ರ ಅದು ನಿಮ್ಮ ಲೆಕ್ಕಕ್ಕ ಬರಂಗಿಲ್ಲ, ಟೀಮಿಗೆ ಮಾತ್ರ ಬರ್ತೈತಿ.

ಐಎಲ್-2 ಬಗ್ಗೆ. ಅದರ ಇಂಜಿನ್ನು, ಪೈಲಟ್ಟು, ಪೆಟ್ರೋಲ್ ಟ್ಯಾಂಕು ಎಲ್ಲಾ ಒಂದು ಉಕ್ಕಿನ ತೊಟ್ಟಿಯೊಳಗ ಕುಂತಿರ್ತಾವು, ಅದಕ್ಕ ಬರೇ ತಗಡು ಸುತ್ತಿದ್ದಲ್ಲ, ಆ ಉಕ್ಕ ಅದರ ಮೈ. ನೀವು ಮೂತಿಗೆ ಹೊಡ್ಕೋತ ಹೋದ್ರ ಹಿಟ್ ಅಂತ ಬರ್ತೈತಿ, ಒಳಗ ಏನೂ ಆಗಂಗಿಲ್ಲ. ಆ ತೊಟ್ಟಿ ಹಿಂಭಾಗಕ್ಕ ಇಲ್ಲ, ರೆಕ್ಕಿ ತುದಿಗೂ ಇಲ್ಲ. ಅದು ದಾಟಿ ಹೋದ ಮ್ಯಾಲೆ ಬಾಲಕ್ಕ ಹೊಡೀರಿ, ಇಲ್ಲಾ ಪಕ್ಕದಿಂದ ಸಿಕ್ರ ಬಾಲದ ಬುಡಕ್ಕ. ಬಾಲ ಹೋತಂದ್ರ ತೊಟ್ಟಿ ಎಷ್ಟ ಗಟ್ಟಿ ಇದ್ರೂ ನೆಲಕ್ಕ ಬರಬೇಕು. ಹಿಂದ ಗನ್ನರ್ ಇರೂ ಮಾಡೆಲ್ ಆದ್ರ ಅಂವ ನಿಮಗ ತಿರುಗಿ ಹೊಡೀತಾನ, ಮುಚ್ಚಳ ಇಲ್ಲದ ಗಾಡಿ ನಿಮ್ಮದು, ನೆನಪಿರ್ಲಿ.

ಬೆಲ್ಟ್ ಪ್ಲೇನಿಗೆ ಎಚ್‌ಇ ಜಾಸ್ತಿ ಇರೂದು ಹಾಕ್ರಿ. ಎಪಿ ಬೆಲ್ಟ್ ಸ್ವಲ್ಪ ಇಟ್ಕೋರಿ, ಟ್ಯಾಂಕ್ ಮ್ಯಾಲೆ ಬಿದ್ರ ಬೇಕಾಗ್ತೈತಿ, ಆದ್ರ ಬದಲಾಯಿಸಾಕ ಟೈಮ್ ಹಿಡೀತೈತಿ, ಟ್ಯಾಂಕ್ ಎದುರು ಬಂದ ಮ್ಯಾಲೆ ಬದಲಾಯಿಸ್ತೀನಿ ಅಂದ್ರ ಆಗಂಗಿಲ್ಲ.

ಮತ್ತ ಒಂದು. ಹೊಗಿ ಬಿಟ್ಕೋತ ಹೋಗೂ ಪ್ಲೇನಿನ ಬೆನ್ನ ಹತ್ತಬ್ಯಾಡ್ರಿ. ರೆಕ್ಕಿಗೆ ಬೆಂಕಿ ಹತ್ತಿದ ಮ್ಯಾಲೆ ಅದು ಬಿದ್ದಂಗ, ಮತ್ತೊಂದು ಬೆಲ್ಟ್ ಅದಕ್ಕ ಸುರಿಯೂ ಹೊತ್ತಿಗೆ ಹಿಂದಿನಿಂದ ಇನ್ನೊಬ್ಬ ಬಂದಿರ್ತಾನ.

ಸೈಲೆಂಟ್_ಶಿಲ್ಕಾ

ತಡವಾಗಿ ಬಂದೆ. ನಾನು ಸೋವಿಯತ್ ಟ್ರೀ, ಶಿಲ್ಕಾ (ರೇಡಾರ್ ಇರೋ ಎಎ ಗಾಡಿ) ಆಡೋನು, ಮೇಲಿನ ಟಿಯರ್ (ಹಂತ) ಹೆಂಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಎಲ್ರೂ ರೇಡಾರ್ ಬಂದ ಮೇಲೆ ಎಲ್ಲಾ ಸಲೀಸು ಅಂತ ಅಂದ್ಕೊಂಡಿರ್ತಾರೆ.

ಶಿಲ್ಕಾದಲ್ಲಿ ನಾಲ್ಕು 23 ಎಂಎಂ, ನಿಮಿಷಕ್ಕೆ 3400 ಗುಂಡು. ಗಾಡಿಯೊಳಗೆ ಇರೋದು 2000. ಭಾಗಾಕಾರ ಮಾಡಿ ನೋಡಿ, ಬೆರಳು ತೆಗೀದೆ ಒತ್ತಿದ್ರೆ 35 ಸೆಕೆಂಡಿಗೆ ಪೂರ್ತಿ ಗಾಡಿ ಖಾಲಿ. ತಗಡು ವಿರ್ಬೆಲ್‌ವಿಂಡ್‌ಗಿಂತ ತೆಳು, ಹೆವಿ ಮೆಷಿನ್‌ಗನ್ ಇರೋ ಯಾರು ಬೇಕಾದ್ರೂ ಹೊಡೀಬೋದು. ರೇಡಾರ್ ಲಾಕ್ ಆದ್ರೆ ಲೀಡ್ ಅದೇ ತೋರಿಸುತ್ತೆ, ಗನ್ನರ್ ಅವರ ಹತ್ತೊಂಬತ್ತು ಪ್ಲೇನ್ ಲೆಕ್ಕ ಬೇಡ. ಆದ್ರೆ ಆ ಕಾಲದ ಎಷ್ಟೋ ಪ್ಲೇನ್‌ಗಳಿಗೆ ರೇಡಾರ್ ವಾರ್ನಿಂಗ್ ರಿಸೀವರ್ ಇರುತ್ತೆ, ನೀನು ಲಾಕ್ ಮಾಡಿದ ತಕ್ಷಣ ಅವನ ಕಿವಿಯಲ್ಲಿ ಕೀಂ ಅನ್ನುತ್ತೆ, ಚಾಫ್ (ರೇಡಾರ್ ದಾರಿ ತಪ್ಪಿಸೋ ಚೂರುಗಳು) ಬಿಟ್ಟು ತಿರುಗ್ತಾನೆ. ನೆಲಕ್ಕೆ ಅಂಟ್ಕೊಂಡು ಬರೋನನ್ನ ರೇಡಾರ್ ನೆಲದ ಗಲಾಟೆಯಲ್ಲಿ ಕಳ್ಕೊಂಡು ಬಿಡುತ್ತೆ. ಹಂಗಾಗಿ ನಾನು ಸುಮಾರು ಸಲ ರೇಡಾರ್ ಆಫ್ ಇಟ್ಕೊಂಡು ಕಾದಿರ್ತೀನಿ, ಅವನು ಬಾಂಬ್ ರನ್‌ಗೆ ಇಳಿದು ದಿಕ್ಕು ಬದಲಾಯಿಸೋಕಾಗದ ಹೊತ್ತಿಗೆ ಆನ್ ಮಾಡ್ತೀನಿ. ಕೈ ಲೀಡ್ ಕಲಿತಿರೋನು ರೇಡಾರ್ ಇಲ್ಲದೆಯೂ ಬೀಳಿಸ್ತಾನೆ. ಅದಕ್ಕೇ ವಿರ್ಬೆಲ್‌ವಿಂಡ್ ಬಿಟ್ಟು ಬೇಗ ಬೇಗ ಮೇಲೆ ಓಡ್ಬೇಡಿ.

ಹೆಲಿಕಾಪ್ಟರ್ ಇನ್ನೊಂದು ಕಥೆ. ಶಿಲ್ಕಾ ಕೈಗೆಟುಕೋದು ಎರಡೂವರೆ ಕಿಲೋಮೀಟರ್. ಟ್ಯಾಂಕ್ ಹೊಡೆಯೋ ಟೌ ಮಿಸೈಲ್ ಇಟ್ಕೊಂಡಿರೋ ಕೋಬ್ರಾ ಹೆಲಿಕಾಪ್ಟರ್‌ನೋನು ಮೂರು ಕಿಲೋಮೀಟರ್ ಆಚೆ ಒಂದು ಗುಡ್ಡದ ಹಿಂದಿಂದ ತಲೆ ಎತ್ತಿ ಹೊಡೀತಾನೆ. ಅವನ ಕಡೆ ಗುಂಡು ಹಾರಿಸೋದು ಶುದ್ಧ ಮುಟ್ಠಾಳತನ, ಮುಟ್ಟಲ್ಲ, ನಿನ್ನ ಜಾಗ ಮಾತ್ರ ತೋರ್ಸುತ್ತೆ. ಗೋಡೆ ಹಿಂದೆ ಸರಿ, ಅವನು ಟಾರ್ಗೆಟ್ ಸಿಗದೆ ಮುಂದೆ ಬರೋವರೆಗೆ ಕಾಯಿ. ಬರ್ತಾನೆ, ಬಹಳ ಜನಕ್ಕೆ ತಾಳ್ಮೆ ಇರಲ್ಲ.

ಈ ಬಂದೂಕು ಮಿಸೈಲ್ ಜೋಡಿ ಹೆಂಗೆ ಕೆಲ್ಸ ಮಾಡುತ್ತೆ ಅನ್ನೋದಕ್ಕೆ 1973ರ ಅರಬ್-ಇಸ್ರೇಲ್ ಯುದ್ಧ ಓದಿ. ಈಜಿಪ್ಟ್‌ನೋರ ಹತ್ರ ಕುಬ್ ಮಿಸೈಲ್ ಇತ್ತು, ಮೇಲೆ ಹಾರಿದ್ರೆ ಅದು ಹೊಡೆಯುತ್ತೆ ಅಂತ ಇಸ್ರೇಲಿ ಪ್ಲೇನ್‌ಗಳು ಕೆಳಗೆ ಬಂದ್ವು, ಕೆಳಗೆ ಶಿಲ್ಕಾ ಕಾಯ್ಕೊಂಡು ಕೂತಿತ್ತು. ಆಟದಲ್ಲೂ ಅದೇ, ಟೀಮಲ್ಲಿ ಒಬ್ಬ ಮಿಸೈಲ್ ಎಎ ಇದ್ರೆ ಅವನು ಎಲ್ರನ್ನೂ ಕೆಳಗೆ ಇಳಿಸ್ತಾನೆ, ನಾನು ಕೆಳಗೆ ಗುಡಿಸ್ತೀನಿ, ಕಿಲ್ ನಂದು 😎

ಇನ್ನೊಂದು, ಇದು ಹಳೇ ಕಬ್ಬಿಣ ಅಂತ ನಗೋರಿಗೆ. ನಮ್ಮ ಸೇನೆ ಹತ್ರ ಶಿಲ್ಕಾ ಇವತ್ತಿಗೂ ಇದೆ, ಅದನ್ನ ಅಪ್‌ಗ್ರೇಡ್ ಮಾಡಿದ್ದು ನಮ್ಮ ಬೆಂಗಳೂರಿನ ಬಿಇಎಲ್. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಟೈಮಲ್ಲಿ ಗಡಿಯಲ್ಲಿ ಡ್ರೋನ್‌ಗಳು ಬಂದಾಗ ಎಲ್-70, ಝಡ್‌ಯು-23 ಬಂದೂಕುಗಳು, ಶಿಲ್ಕಾ ಎಲ್ಲಾ ಬಳಸಿದ್ರು. ಒಂದು ಅಗ್ಗದ ಡ್ರೋನ್‌ಗೆ ದುಬಾರಿ ಮಿಸೈಲ್ ಬಿಡೋಕಾಗಲ್ಲ, ಗುಂಡೇ ಸರಿ. ಉಕ್ರೇನ್‌ನಲ್ಲಿ ಜರ್ಮನಿ ಕೊಟ್ಟ ಗೆಪಾರ್ಡ್ ಮಾಡ್ತಿರೋದೂ ಇದೇ ಕೆಲ್ಸ, ಮ್ಯೂಸಿಯಂಗೆ ಹೋಗ್ಬೇಕಾಗಿದ್ದ ಗಾಡಿ ಅದು. ನಿಮ್ಮ ಜರ್ಮನ್ ಟ್ರೀಯಲ್ಲಿ ಮುಂದೆ ಸಿಗುತ್ತೆ, ಎರಡು 35 ಎಂಎಂ, ಕೆಳಗೆ ಲೆಪರ್ಡ್ 1ರ ಬಾಡಿ, ಚಿನ್ನದಂಥ ಗಾಡಿ.

ಕುಡ್ಲ_ಕಮಾಂಡರ್

ಮೂರ್ನೇ ಗೇರ್ ಅಣ್ಣ, ನೀವು ಬೈದದ್ದು ಸರಿಯೇ ಇರ್ಬಹುದು, ಆದ್ರೆ ಒಂದು ಹೇಳಿ, ಮ್ಯಾಚಿನಲ್ಲಿ ಪ್ಲೇನೇ ಇಲ್ಲದಿದ್ರೆ ಎಎ ಎಂತ ಮಾಡ್ಬೇಕು? ಆಕಾಶಕ್ಕೆ ಕೈ ಮುಗಿದು ಕೂರ್ಬೇಕಾ? ನಾನು ಹೇಳುದು ಇಷ್ಟೇ, ಕಿಲ್ ಫೀಡ್‌ನಲ್ಲಿ ಪ್ಲೇನ್ ಹೆಸರು ಬಂದ್ರೆ ಹಿಂದೆ ಬನ್ನಿ, ಇಲ್ಲದಿದ್ರೆ ಮುಂದೆ ಹೋಗಿ ಯಾರದ್ದಾದ್ರೂ ಟ್ರ್ಯಾಕ್ ಮುರೀರಿ.

ಮೂರ್ನೇ_ಗೇರ್

ಹಿಂದೆ ಬನ್ನಿ ಅಂತ ಹೇಳೋದು ಸುಲಭ, ಮುಂದೆ ಹೋದ ವಿರ್ಬೆಲ್‌ವಿಂಡ್ ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ 😂 ಪ್ಲೇನ್ ಇಲ್ಲಾಂದ್ರೆ ನಿಂತಲ್ಲೇ ನಿಂತು ಸ್ಪಾನ್ ಕಡೆ ಸುತ್ಕೊಂಡು ಬರೋ ಲೈಟ್ ಟ್ಯಾಂಕ್‌ಗಳನ್ನ ಕಾಯಿ, ಅದೂ ಒಂದು ಕೆಲ್ಸಾನೇ, ಗ್ರೇಹೌಂಡ್ ಥರದ ಗಾಡಿಗಳು ಹಂಗೆ ನುಗ್ಗಿ ಬಂದು ನಮ್ಮೋರ ಬೆನ್ನಿಗೆ ಹೊಡೀತವೆ. ಅವಕ್ಕೆ 20 ಎಂಎಂ ಸಾಕಾಗಿ ಮಿಕ್ಕುತ್ತೆ. ಇಷ್ಟಕ್ಕೆ ಒಪ್ಪಿದ್ರೆ ರಾಜಿ ಆಗೋಣ.

ರಾಗಿಮುದ್ದೆ_ರೈಡರ್

ಜಗಳ ನಿಲ್ಸಿ, ಶನಿವಾರ ರಾತ್ರಿ ಒಂಬತ್ತೂವರೆಗೆ ಸ್ಕ್ವಾಡ್ ಮಾಡೋಣ ಬನ್ನಿ. ಇಬ್ರು ಟ್ಯಾಂಕು, ಒಬ್ರು ಪ್ಲೇನು, ನಾನು ಎಎ. ಐಎಲ್-2 ಬಾಲ ಹುಡುಕೋದು ಇನ್ನೂ ಅಭ್ಯಾಸ ಆಗ್ಬೇಕು. ಐಡಿ ಪರ್ಸನಲ್ ಮೆಸೇಜ್ ಮಾಡಿ, ಇಲ್ಲಿ ಹಾಕ್ಬೇಡಿ.

ಕುಡ್ಲ_ಕಮಾಂಡರ್

ಬರ್ತೇನೆ. ಪ್ಲೇನ್ ನಾನು ತಗೊಳ್ಳುದು. ನನಗೇ ಹೊಡೀಬೇಡಿ ಮಾರಾಯ್ರೆ, ಸ್ಕ್ವಾಡಿನವರ ಮಾರ್ಕರ್ ಹಸಿರು ಇರ್ತದೆ, ಅದು ನೋಡಿ ಮತ್ತೆ ಟ್ರಿಗರ್ ಒತ್ತಿ.